ಕೊನೆಯ ಬೆಂಚಿಗೆ ಕೇಳಬೇಕು

ಮೈಕು ಬಂದ ದಿನ ಲಾಳಿಯಕ್ಕ ಅದನ್ನು ಕೈಗೆ ತೆಗೆದುಕೊಂಡು, ಬದನೆಕಾಯಿ ಆರಿಸುವವಳ ಹಾಗೆ ಹಿಂದೆ ಮುಂದೆ ತಿರುಗಿಸಿ, ಹೆಬ್ಬೆರಳಿನಿಂದ ಒಂದು ಸಲ ಒತ್ತಿ ನೋಡಿ, "ಬೇಡ" ಎಂದು ವಾಪಸು ಕೊಟ್ಟಳು.

"ಬೇಕು ಬೇಡ ಅನ್ನೋಕೆ ಇದೇನು ತರಕಾರಿನಾ ಅಮ್ಮಾ?" ಎಂದರು ಗಿರಣಿ ನಿವೃತ್ತರ ಸಂಘದ ಹೊಸ ಕಾರ್ಯದರ್ಶಿ. ಅವರ ಹಿಂದೆ ಎದೆಮಟ್ಟದ ಎರಡು ಕಪ್ಪು ಪೆಟ್ಟಿಗೆಗಳು ಇನ್ನೂ ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿದ್ದವು. "ಎಲ್ಲರಿಗೂ ಕೇಳಿಸ್ಲಿ ಅಂತ ತರಿಸಿರೋದು."

"ಎಲ್ಲರಿಗೂ ಕೇಳಿಸ್ತಾ ಇದೆಯಲ್ಲಪ್ಪಾ."

"ಎಲ್ಲಿ ಕೇಳಿಸ್ತಿದೆ? ಇಲ್ಲಿ ಬರೋರಲ್ಲಿ ಮುಕ್ಕಾಲು ಪಾಲು ಕಿವುಡ್ರು."

"ಅದಕ್ಕೇ ಬೇಡ ಅಂದಿದ್ದು."

ಕಾರ್ಯದರ್ಶಿ ತಮ್ಮ ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಚಾವಣಿ ನೋಡಿದ. ಹೊರಗಿನವರು ಯಾರಾದರೂ ಈ ಮಾತು ಕೇಳಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಎಂದೇ ಹೇಳುತ್ತಿದ್ದರು. ಆದರೆ ಆ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಗೀತ ಕೇಳಲು ಬಂದು ಕೂರುತ್ತಿದ್ದ ನಲವತ್ತು ಐವತ್ತು ಜನರಿಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಅವರೆಲ್ಲ ಮಗ್ಗದವರು.

ಲಾಳಿಯಕ್ಕ ಬಟ್ಟೆ ಗಿರಣಿಗೆ ಸೇರಿದಾಗ ಅವಳಿಗೆ ಹದಿನೇಳು ವರ್ಷ. ಓದಿದ್ದು ಮೂರನೇ ತರಗತಿ, ಅದೂ ಅರ್ಧ. ನಾಲ್ಕು ಮಗ್ಗ ಒಬ್ಬಳೇ ನೋಡಿಕೊಳ್ಳಬೇಕು. ಇಲ್ಲಿ ಎಳೆ ಕಡಿದರೆ ಓಡಿ ಗಂಟು ಹಾಕಬೇಕು, ಅಲ್ಲಿ ನೂಲು ಮುಗಿದರೆ ಓಡಿ ತುಂಬಬೇಕು. ಅವಳು ಮಗ್ಗಗಳ ಸಂದಿಯಲ್ಲಿ ಓಡಾಡುವ ಪರಿ ನೋಡಿ ಮೇಸ್ತ್ರಿ, "ಇವಳೇ ಒಂದು ಲಾಳಿ ಕಣ್ರೋ, ನೂಲು ಹೊತ್ಕೊಂಡು ಓಡೋ ಲಾಳಿ, ಆ ಕಡೆ ಎಸೆದ್ರೆ ಈ ಕಡೆ ಬರ್ತಾಳೆ" ಎಂದಿದ್ದ. ಆವತ್ತಿನಿಂದ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಮುನ್ನೂರು ಮಗ್ಗ ಒಂದೇ ಶೆಡ್ಡಿನಲ್ಲಿ ಹೊಡೆದುಕೊಳ್ಳುವಾಗ ಹುಟ್ಟುವ ಸದ್ದನ್ನು ಹೇಗೆ ಹೇಳುವುದು? ತಗಡಿನ ಡಬ್ಬಿಯೊಳಗೆ ತಲೆ ಇಟ್ಟು, ಹೊರಗಿನಿಂದ ನೂರು ಜನ ಸೌಟಿನಲ್ಲಿ ಬಡಿದರೆ ಹೇಗೆ, ಹಾಗೆ. ಅದೂ ದಿನಕ್ಕೆ ಎಂಟು ಗಂಟೆ. ಮೊದಲ ವರ್ಷ ಮನೆಗೆ ಬಂದ ಮೇಲೂ ಕಿವಿಯೊಳಗೆ ಮಗ್ಗ ಓಡುತ್ತಿತ್ತು. ಮೂರನೆಯ ವರ್ಷ ಹಕ್ಕಿ ಕೂಗುವುದು ನಿಂತಿತು. ಹಕ್ಕಿಗಳೇ ಬರುತ್ತಿಲ್ಲ ಎಂದು ಅವಳು ಅಂದುಕೊಂಡಳು. ಐದನೆಯ ವರ್ಷ, ಒಲೆಯ ಮೇಲೆ ಹಾಲು ಉಕ್ಕಿ ಚುರ್ ಎಂದರೂ ತಿರುಗಿ ನೋಡಲಿಲ್ಲ. ಗಂಡ ಕೂಗಿದ, ಅದೂ ಕೇಳಲಿಲ್ಲ. ಅವನು ಎದುರಿಗೆ ಬಂದು ನಿಂತು ಬಾಯಿ ಆಡಿಸಿದಾಗ, "ಹಾಲು ಉಕ್ಕಿತಾ? ಮೊದಲೇ ಹೇಳೋಕೇನಾಗಿತ್ತು?" ಎಂದಳಂತೆ.

ಬಾಯಿ ಆಡಿಸಿದರೆ ಸಾಕಿತ್ತು. ಮಗ್ಗದ ಹೆಂಗಸರು ತುಟಿ ನೋಡಿ ಮಾತು ತಿಳಿಯುವುದನ್ನು ಯಾರೂ ಕಲಿಸದೆ ಕಲಿಯುತ್ತಿದ್ದರು. ಶೆಡ್ಡಿನ ಆ ತುದಿಯಿಂದ ಈ ತುದಿಗೆ, ಓಡುವ ಎಳೆಗಳ ಸಂದಿಯಿಂದ, ಮುಖ ಪೂರ್ತಿ ಕಾಣದೆ ಬರೀ ಒಂದು ಕೆನ್ನೆ ಕಂಡರೂ ಮಾತು ಗೊತ್ತಾಗುತ್ತಿತ್ತು. ಮದುವೆ ಮಾತು, ಜಗಳ, ಮೇಸ್ತ್ರಿಯ ಮೇಲಿನ ಬೈಗುಳ ಎಲ್ಲವೂ ಸದ್ದಿಲ್ಲದೆ ಗಾಳಿಯಲ್ಲಿ ಹೋಗಿ ಬರುತ್ತಿದ್ದವು. ಇನ್ನೊಂದು ವಿದ್ಯೆ ಪಾದದ್ದು. ಪ್ರತಿ ಮಗ್ಗದ ಮುಂದೆಯೂ ನಿಲ್ಲುವುದಕ್ಕೆ ಒಂದು ಹಲಗೆ. ಬರಿಗಾಲಲ್ಲಿ ನಿಂತರೆ, ಮಗ್ಗ ಸರಿಯಾಗಿ ಓಡುತ್ತಿದೆಯೋ ಸೊಟ್ಟಗೆ ಓಡುತ್ತಿದೆಯೋ ಎಂಬುದು ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು. ಇದರಲ್ಲಿ ಎಲ್ಲರಿಗಿಂತ ಜಾಣೆ ಲಾಳಿಯಕ್ಕನ ಎದುರು ಮಗ್ಗದ ಕುಳ್ಳಿ. ಪಕ್ಕದವಳ ಮಗ್ಗ ಕೆಟ್ಟರೂ ತನ್ನ ಹಲಗೆಯ ಮೇಲೆ ನಿಂತೇ ಹೇಳುತ್ತಿದ್ದಳು.

ಆ ಗಿರಣಿಗೆ ಒಂದು ವಾದ್ಯತಂಡವೂ ಇತ್ತು. ಮಾಲೀಕರಿಗೆ ಹಾಡಿನ ಹುಚ್ಚು. ಅವರು ತೀರಿಕೊಂಡ ಮೇಲೆ ತಂಡವೂ ತೀರಿಕೊಂಡಿತು. ಕೊಳಲು, ಕ್ಲಾರಿನೆಟ್, ಪಿಟೀಲುಗಳನ್ನು ಬೇಕಾದವರು ಮನೆಗೆ ಒಯ್ದರು. ಯಾರ ಮನೆಯಲ್ಲೂ ಹಿಡಿಸದ ಒಂದು ಮಾತ್ರ ಉಳಿಯಿತು. ಸೆಲ್ಲೋ ಅಂತ ಅದಕ್ಕೆ ಹೆಸರು. ಪಿಟೀಲಿನ ಆಕಾರವೇ, ಆದರೆ ಹತ್ತು ವರ್ಷದ ಮಗುವಿನಷ್ಟು ಎತ್ತರ. ಕುರ್ಚಿಯ ಮೇಲೆ ಕೂತು, ಎರಡು ಮೊಣಕಾಲಿನ ಮಧ್ಯೆ ಹಿಡಿದು, ಕೆಳಗಿನ ಕಬ್ಬಿಣದ ಮೊನೆಯನ್ನು ನೆಲಕ್ಕೆ ಊರಿ ನುಡಿಸಬೇಕು. ಅದು ಗೋದಾಮಿಗೆ ಹೋಗುವ ಓಣಿಯಲ್ಲಿ, ಮುರಿದ ಮಗ್ಗದ ಪಕ್ಕ, ದೂಳು ತಿನ್ನುತ್ತ ನಿಂತಿತ್ತು. ಬಾಯ್ಲರಿಗೆ ಸೌದೆಯಾಗುತ್ತದೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಒಂದು ದಿನ ಊಟದ ಬಿಡುವಿನಲ್ಲಿ ಲಾಳಿಯಕ್ಕನ ಚಪ್ಪಲಿಯ ಪಟ್ಟಿ ಕಿತ್ತಿತು. ಅದನ್ನು ಸರಿಮಾಡಲು ಬಗ್ಗಿದವಳು ಆ ಮರದ ಮೈಗೆ ಒರಗಿಕೊಂಡಳು. ಮೊಣಕೈ ದಪ್ಪ ತಂತಿಗೆ ತಾಗಿತು.

ಕೇಳಿಸಿತು. ಕಿವಿಯಲ್ಲಲ್ಲ, ಪಕ್ಕೆಲುಬಿನಲ್ಲಿ, ದವಡೆಯಲ್ಲಿ, ಹಲ್ಲಿನ ಬೇರಿನಲ್ಲಿ. ವರ್ಷಗಟ್ಟಲೆ ಮಗ್ಗದ ಬಡಿತವೊಂದನ್ನು ಬಿಟ್ಟು ಬೇರೇನನ್ನೂ ನೆಟ್ಟಗೆ ಕೇಳದಿದ್ದ ಹೆಂಗಸು ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಳು. ಮತ್ತೆ ಮೀಟಿದಳು. ಬಿಡುವು ಮುಗಿದ ಗಂಟೆ ಅವಳಿಗೆ ಹೇಗೂ ಕೇಳುವುದಿಲ್ಲ, ಆವತ್ತು ಗಡಿಯಾರ ನೋಡಲೂ ಇಲ್ಲ. ಅರ್ಧ ದಿನದ ಸಂಬಳ ಹೋಯಿತು.

ಸಂಜೆ ನೂಲಿನ ತಳ್ಳುಗಾಡಿಯಲ್ಲಿ ಅದನ್ನು ಮಲಗಿಸಿ, ಗೇಟಿನಲ್ಲಿ ಕಾವಲುಗಾರ ತಡೆದರೆ, "ಸೌದೆ ಒಯ್ತಿದ್ದೀನಿ, ನಿಮ್ಮ ಬಾಯ್ಲರಿಗೆ ಹಾಕೋದನ್ನ ನಮ್ಮೊಲೆಗೆ ಹಾಕ್ತೀನಿ, ಬಿಡು" ಎಂದು ದಬಾಯಿಸಿ ಮನೆಗೆ ತಂದಳು. ಒಂದೇ ಕೋಣೆಯ ಮನೆ. ಗಂಡ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನೇ ಇದು? ಗಂಡಸಿನ ಮೇಲೇ ಸವತಿ ತಂದ್ಯಾ?"

"ನಿನಗಿಂತ ಕಮ್ಮಿ ಮಾತಾಡ್ತಾಳೆ. ಹೊಂದಿಕೊಂಡು ಹೋಗು."

ಹೊಂದಿಕೊಂಡು ಹೋದ ಪುಣ್ಯಾತ್ಮ. ಹಗಲು ಅದು ಅವರ ಹಾಸಿಗೆಯ ಮೇಲೆ ಮಲಗುತ್ತಿತ್ತು, ಊಟಕ್ಕೆ ಕೂರುವಾಗ ಬಾಗಿಲಿಗೆ ಒರಗುತ್ತಿತ್ತು. ಅದರ ದನಿ ಕೇಳಿ ನೆರೆಯವರು 'ಎಮ್ಮೆ' ಎಂದು ಹೆಸರಿಟ್ಟರು. "ನಿಮ್ಮ ಎಮ್ಮೆ ಕರು ಹಾಕಿತಾ?" ಎಂದು ಗೋಡೆಯಾಚೆಯಿಂದ ಚುಚ್ಚುತ್ತಿದ್ದರು. ಕಿವಿ ಕೇಳದವಳಿಗೆ ಚುಚ್ಚುಮಾತು ಆಡಿ ಏನು ಬಂತು?

ಹಳೆಯ ತಂಡದ ಮೇಷ್ಟ್ರು ಆಗ ಗಿರಣಿಯ ಹಾಜರಿ ಕೋಣೆಯಲ್ಲಿ ಕೂರುತ್ತಿದ್ದರು. ಕಾಗದದ ಮೇಲಿನ ಸ್ವರ ಅವಳಿಗೆ ಓದಲು ಬಾರದು. ಬಾಯಲ್ಲಿ ಹಾಡಿ ತೋರಿಸಿದರೆ ಕೇಳದು. ಅವರು ಎಮ್ಮೆಯನ್ನು ತಾವು ನುಡಿಸುತ್ತ, ಅದರ ಬೆನ್ನ ಮೇಲೆ ಅವಳ ಅಂಗೈ ಇಡಿಸಿದರು. ಆ ನಡುಕವನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗಿ, ಮನೆಯಲ್ಲಿ ತಾನು ಕೂತು, ಅದೇ ನಡುಕ ಬರುವವರೆಗೆ ತಂತಿಯ ಮೇಲೆ ಬೆರಳು ಜರುಗಿಸುತ್ತಿದ್ದಳು. ಒಂದು ಹಾಡಿಗೆ ನಾಲ್ಕು ತಿಂಗಳು ಹಿಡಿಯಿತು. ಎರಡನೆಯದಕ್ಕೆ ಎರಡು. ಮೇಷ್ಟ್ರು ಸಾಯುವ ಹೊತ್ತಿಗೆ ಅವಳಿಗೆ ಅರವತ್ತು ಹಾಡು ಬರುತ್ತಿದ್ದವು, ಒಂದರ ಹೆಸರೂ ಗೊತ್ತಿರಲಿಲ್ಲ. 'ಹೊಟ್ಟೆಯಲ್ಲಿ ಕೂರೋದು', 'ಮಂಡಿ ನಡುಗೋದು', 'ಮಳೆ ಬರೋ ಹಾಗಿರೋದು' ಎಂದು ತಾನೇ ಹೆಸರಿಟ್ಟುಕೊಂಡಿದ್ದಳು.

ಗಂಡ ಹೋದ. ಗಿರಣಿಯೂ ಮುಚ್ಚಿತು. ಗಿರಣಿಯವರು ಊಟ ಮಾಡುತ್ತಿದ್ದ ಉದ್ದನೆಯ ಶೆಡ್ಡು ನಿವೃತ್ತರ ಸಂಘದ ಸಭಾಂಗಣವಾಯಿತು. ಅಲ್ಲಿ ಭಾನುವಾರ ಮೂವರು ಕೂತು ನುಡಿಸತೊಡಗಿದರು. ಲಾಳಿಯಕ್ಕ, ಗಿಟಾರಿಗೆ ಗಿರಣಿಯಲ್ಲಿ ಬಡಗಿಯಾಗಿದ್ದ ಅವಳ ಮೈದುನ, ಮತ್ತೆ ಪಿಟೀಲಿಗೆ ಗಿರಣಿ ದವಾಖಾನೆಯಲ್ಲಿದ್ದ ನರ್ಸಮ್ಮ. ಮೊದಲ ವಾರಗಳಲ್ಲಿ ಹತ್ತು ಜನ ಬಂದರೆ ಹೆಚ್ಚು.

ಆಗಲೇ ಲಾಳಿಯಕ್ಕನಿಗೆ ಕುಳ್ಳಿಯ ನೆನಪಾದದ್ದು. ಕುಳ್ಳಿ ಆ ಹೊತ್ತಿಗೆ ಎರಡು ಕಿವಿಯೂ ಪೂರ್ತಿ ಹೋಗಿ, ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಮನೆಯವರು ಬೆನ್ನು ಮಾಡಿ ಮಾತಾಡುತ್ತಿದ್ದರು, ಅವಳು ಗೋಡೆ ನೋಡುತ್ತಿದ್ದಳು. ಲಾಳಿಯಕ್ಕ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದಳು.

"ನನಗ್ಯಾಕೆ ಹಾಡು, ಕುರುಡಿಗೆ ಕನ್ನಡಿ ತೋರಿಸ್ತೀಯಾ?" ಎಂದು ದಾರಿಯುದ್ದಕ್ಕೂ ಜಗಳ.

ವೇದಿಕೆ ಮರದ್ದು. ಅದರ ಅಂಚಿನ ಮೇಲೆ ಕುಳ್ಳಿಯನ್ನು ಕೂರಿಸಿ ಲಾಳಿಯಕ್ಕ ಎಮ್ಮೆಯ ಮೊನೆಯನ್ನು ಹಲಗೆಗೆ ಊರಿ ಕಮಾನು ಎಳೆದಳು. ಕುಳ್ಳಿ ಚೇಳು ಕಚ್ಚಿದವಳಂತೆ ಎದ್ದಳು. ಮತ್ತೆ ಕೂತಳು. ಎರಡೂ ಅಂಗೈಯನ್ನು ಹಲಗೆಗೆ ಒತ್ತಿಕೊಂಡಳು. ಹಾಡು ಮುಗಿದ ಮೇಲೆ ಇಡೀ ಶೆಡ್ಡಿಗೆ ಕೇಳುವಂತೆ ಕಿರುಚಿದಳು: "ಹಾಳಾದವಳೇ! ಇಷ್ಟು ವರ್ಷ ಇದನ್ನ ಒಬ್ಬಳೇ ತಿಂತಿದ್ದೆಯಾ?"

ಮುಂದಿನ ವಾರದಿಂದ ವೇದಿಕೆಯ ಅಂಚಿಗೆ ಜಗಳ ಶುರುವಾಯಿತು. ಆರು ಜನ ಕೂರುವ ಜಾಗಕ್ಕೆ ಇಪ್ಪತ್ತು ಜನ. ಆಗ ಮೈದುನ ತಲೆ ಓಡಿಸಿದ. ಮುರಿದ ಮಗ್ಗಗಳ ಉದ್ದನೆಯ ಎರಡು ತೊಲೆ ತಂದು, ವೇದಿಕೆಗೆ ಬಿಗಿದು, ಶೆಡ್ಡಿನ ಕೊನೆಯ ತನಕ ನೆಲದ ಮೇಲೆ ಹಾಸಿದ, ರೈಲು ಹಳಿಯ ಹಾಗೆ. ಆ ತೊಲೆಗಳ ಮೇಲೆ ಹನ್ನೊಂದು ಬೆಂಚುಗಳನ್ನು ಸ್ಕ್ರೂ ಹಾಕಿ ಕೂರಿಸಿದ. ಈಗ ವೇದಿಕೆ, ತೊಲೆ, ಬೆಂಚು ಎಲ್ಲ ಒಂದೇ ಮರ. ತನ್ನ ಗಿಟಾರಿಗೂ ಒಂದು ಮರದ ಕಾಲು ಮಾಡಿಕೊಂಡು ಹಲಗೆಗೆ ತಾಗಿಸಿದ. ಎಮ್ಮೆ ಉಸಿರೆಳೆದರೆ ಹನ್ನೊಂದನೆಯ ಬೆಂಚಿನಲ್ಲಿ ಕೂತವರ ಬೆನ್ನುಮೂಳೆಗೆ ಗೊತ್ತಾಗುತ್ತಿತ್ತು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಪಾದವನ್ನು ತೊಲೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ಕುಳ್ಳಿ ಮಾತ್ರ ಹನ್ನೊಂದನೆಯ ಬೆಂಚೇ ಬೇಕು ಎನ್ನುತ್ತಿದ್ದಳು. ಮುಂದೆ ಕೂತರೆ ಸದ್ದು ಒಟ್ಟಿಗೇ ನುಗ್ಗುತ್ತದಂತೆ. ಹಿಂದೆ ಕೂತರೆ ಒಂದೊಂದೇ ಎಳೆಯಾಗಿ ಬರುತ್ತದಂತೆ.

"ನನ್ನ ಪಿಟೀಲು ಯಾರಿಗೆ ಬಿಡ್ರೀ" ಎಂದು ನರ್ಸಮ್ಮ ತಮಾಷೆ ಮಾಡುತ್ತಿದ್ದಳು. "ಕಿವಿ ಇರೋ ನಾಲ್ಕು ಬಡವರಿಗೆ ನುಡಿಸ್ತೀನಿ."

ಹೊಸ ಕಾರ್ಯದರ್ಶಿಗೆ ಇದೆಲ್ಲ ಗೊತ್ತಿರಲಿಲ್ಲ ಎಂದಲ್ಲ. ಹೇಳಿದ್ದರು. ಆದರೆ ಅವರು ಗಿರಣಿಯಲ್ಲಿ ಕೆಲಸ ಮಾಡಿದ್ದು ಲೆಕ್ಕದ ಕಚೇರಿಯಲ್ಲಿ. ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟವರಲ್ಲ. ಬೆಂಚು ಮುಟ್ಟಿ ಹಾಡು ಕೇಳುವುದು ಅವರಿಗೆ ಮುದುಕಿಯರ ಭ್ರಮೆಯಾಗಿ ಕಂಡಿತು. ಕೆಟ್ಟ ಮನುಷ್ಯರಲ್ಲ. ಸಭಾಂಗಣ ತುಂಬಬೇಕು, ತಮ್ಮ ಕಾಲದಲ್ಲಿ ಏನೋ ಆಯಿತು ಎನ್ನಿಸಿಕೊಳ್ಳಬೇಕು ಎಂಬ ಆಸೆ. ಆ ಆಸೆಗೆ ಕಪ್ಪು ಪೆಟ್ಟಿಗೆಗಳು ಬಂದಿದ್ದವು.

ಮಗಳ ಮಾತಿಗೆ ಕಟ್ಟುಬಿದ್ದು ಲಾಳಿಯಕ್ಕ ಒಂದೇ ಒಂದು ಭಾನುವಾರ ಒಪ್ಪಿದಳು. ಅವಳಿಗೆ ಕಿವಿಯ ಯಂತ್ರ ಕೊಡಿಸಿದ್ದವಳೂ ಈ ಮಗಳೇ; ಆ ಯಂತ್ರ ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿಗಳ ಜೊತೆ ನಿದ್ದೆ ಮಾಡುತ್ತಿತ್ತು. "ಅಮ್ಮಾ, ಅವರು ಒಳ್ಳೇದಕ್ಕೇ ಹೇಳ್ತಿರೋದು, ಒಂದ್ಸಲ ನೋಡು" ಎಂದಿದ್ದಳು ಮಗಳು.

ಎಮ್ಮೆಯ ಕೊರಳಿಗೆ ಬಟ್ಟೆ ಕ್ಲಿಪ್ಪಿನಂಥ ಒಂದು ಮೈಕು ಸಿಕ್ಕಿಸಿದರು. ಕಪ್ಪು ಪೆಟ್ಟಿಗೆಗಳನ್ನು ವೇದಿಕೆಯ ಮೇಲೇ ಇಟ್ಟರು. ಲಾಳಿಯಕ್ಕ ಕಮಾನು ಎಳೆದಳು. ಪೆಟ್ಟಿಗೆಗಳು ಗುಡುಗಿದವು, ಆ ಗುಡುಗಿಗೆ ವೇದಿಕೆಯ ಹಲಗೆಯೆಲ್ಲ ಅದುರತೊಡಗಿತು. ತನ್ನ ತಂತಿಯ ನಡುಕ ಯಾವುದು, ಪೆಟ್ಟಿಗೆಯ ನಡುಕ ಯಾವುದು ಎಂದು ಅವಳ ಎದೆಗೆ ತಿಳಿಯದಾಯಿತು. ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗುವನ್ನು ಹುಡುಕುವ ಹಾಗೆ ಬೆರಳು ತಂತಿಯ ಮೇಲೆ ಸ್ವರ ಹುಡುಕಿತು. ಸಿಗಲಿಲ್ಲ. ಮುಂದೆ ಕೂತವರು ಬೆಂಚಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕುಳ್ಳಿ ಎದ್ದು ಹೋದಳು. ನಲವತ್ತೈದು ವರ್ಷದಲ್ಲಿ ಮೊದಲ ಸಲ ಲಾಳಿಯಕ್ಕ ಹಾಡನ್ನು ಅರ್ಧಕ್ಕೆ ನಿಲ್ಲಿಸಿದಳು.

ಗೋಡೆಯ ಬದಿಯಲ್ಲಿ ಕಾರ್ಯದರ್ಶಿ ಮಗಳ ಹತ್ತಿರ ಬಾಗಿ ಏನೋ ಹೇಳಿದರು. ಮೂವತ್ತು ಅಡಿ ದೂರದಿಂದ ಲಾಳಿಯಕ್ಕ ಅದನ್ನು ಪುಸ್ತಕ ಓದುವಷ್ಟು ಸಲೀಸಾಗಿ ಓದಿದಳು, ಪುಸ್ತಕಕ್ಕಿಂತ ಸಲೀಸಾಗಿ. 'ವಯಸ್ಸಾಯ್ತು, ಬೆರಳು ಮಾತು ಕೇಳಲ್ಲ. ಪಾಪ.'

ಮನೆಗೆ ಹೋಗುವಾಗ ದಾರಿಯಲ್ಲಿ ಮಗಳು ತಾಯಿಯ ಎದುರಿಗೆ ಬಂದು, ಹಿಮ್ಮುಖವಾಗಿ ನಡೆಯುತ್ತ ಕೇಳಿದಳು. "ಬೇಜಾರಾಯ್ತಾ ಅಮ್ಮಾ?"

"ಬೇಜಾರು ಯಾಕೆ? ಮೈಯೆಲ್ಲ ಉರಿ ಹತ್ತಿದೆ. ಪಾಪ ಅಂತೆ, ಪಾಪ! ಅವನಪ್ಪ ಸಂಬಳದ ಕಿಟಕೀಲಿ ನನ್ನ ಮುಂದೆ ತೂಕಡಿಸ್ತಿದ್ದ. ನೆಟ್ಟಗೆ ನೋಡ್ಕೊಂಡು ನಡಿ, ಬೀಳ್ತೀಯ."

ಮರುದಿನವೇ ಅವಳು ಸಂಘದ ಕಚೇರಿಗೆ ಹೋದಳು. ಕಾರ್ಯದರ್ಶಿ ಕುರ್ಚಿ ತೋರಿಸಿದರು. ಅವಳು ನಿಂತೇ ಇದ್ದಳು. ಕಾರ್ಯದರ್ಶಿ ಸಮಾಧಾನವಾಗಿಯೇ ಹೇಳಿದರು. ಬೇರೊಂದು ತಂಡ ಭಾನುವಾರದ ಹೊತ್ತು ಕೇಳುತ್ತಿದೆ, ಅವರು ಮೈಕಿನಲ್ಲಿ ಹಾಡುತ್ತಾರೆ, ಹೊರಗಿನ ಜನರೂ ಬರುತ್ತಾರೆ. "ಕೊನೇ ಸಾಲಿಗೆ ಕೇಳಿಸದ ಸಂಗೀತ ಇಟ್ಕೊಂಡು ಸಂಘ ಏನು ಮಾಡೋದಮ್ಮಾ? ನೀವೇ ಹೇಳಿ."

"ಕೊನೇ ಸಾಲಿಗೆ ಕೇಳಿಸಿದ್ರೆ?"

"ಮೈಕಿಲ್ಲದೇನಾ?"

"ಮೈಕಿಲ್ಲದೆ. ಮುಂದಿನ ಭಾನುವಾರ. ನಿನ್ನ ಗುಮಾಸ್ತನ್ನೇ ಕೊನೇ ಬೆಂಚಲ್ಲಿ ಕೂರಿಸು, ಅವನ ಕಿವಿ ಸರಿಯಾಗಿದೆಯಲ್ಲ. ಕೇಳಿಸಿದ್ರೆ ಕೈ ಎತ್ತಲಿ. ಆಗ ನಿನ್ನ ಪೆಟ್ಟಿಗೆ ಕೆಳಗಿಳಿಬೇಕು. ಎತ್ತದಿದ್ರೆ ನಾನಿಳೀತೀನಿ. ಇಳಿದವಳು ಮತ್ತೆ ಆ ಮೆಟ್ಟಿಲು ಹತ್ತಲ್ಲ."

"ಅಷ್ಟೆಲ್ಲ ದೊಡ್ಡ ಮಾತು ಯಾಕಮ್ಮಾ?"

"ನಾನು ಮೆಲ್ಲಗೆ ಮಾತಾಡಿದ್ರೆ ನನಗೇ ಕೇಳಿಸಲ್ಲ" ಎಂದು ಹೇಳಿ ಹೊರಟಳು.

ಹೊರಗೆ ಬಂದ ಮೇಲೆ ಲೆಕ್ಕ ಹಾಕಿದಳು. ಸೋತರೆ ಎಮ್ಮೆಯನ್ನು ಮತ್ತೆ ಆ ಒಂದು ಕೋಣೆಯಲ್ಲಿ ಕಟ್ಟಬೇಕು. ಅವಳೇನೋ ಗೋಡೆಗೆ ನುಡಿಸಿಕೊಂಡಿರುತ್ತಾಳೆ. ಕುಳ್ಳಿ? ಕುಳ್ಳಿ ಮತ್ತೆ ಗೋಡೆ ನೋಡಬೇಕು.

ಭಾನುವಾರ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ಮೈದುನ ಕೆಂಡವಾಗಿ ನಿಂತಿದ್ದ. "ಅತ್ತಿಗೆ, ಒಳಗೆ ನೋಡಿ ಬನ್ನಿ."

ಒಳಗೆ ಬೆಂಚುಗಳಿರಲಿಲ್ಲ. ತೊಲೆಗಳಿರಲಿಲ್ಲ. ನೀಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ, ಶಾಲೆಯ ಮಕ್ಕಳ ಹಾಗೆ ಕೂತಿದ್ದವು. ಬೆಂಚುಗಳನ್ನೆಲ್ಲ ಬಿಚ್ಚಿ ಹಿತ್ತಿಲಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಕಪ್ಪು ಪೆಟ್ಟಿಗೆಗಳು ವೇದಿಕೆಯ ಎರಡು ಕಡೆ ದ್ವಾರಪಾಲಕರಂತೆ ನಿಂತೇ ಇದ್ದವು.

"ಬಣ್ಣ ಬಳಿಯೋಕೆ ಬಿಚ್ಚಿಸಿದ್ದು" ಎಂದರು ಕಾರ್ಯದರ್ಶಿ. "ಕುರ್ಚಿಯಲ್ಲಿ ಆರಾಮಾಗಿ ಕೂರಬಹುದು. ಮಾತು ಮಾತೇ, ಅಮ್ಮಾ. ಗುಮಾಸ್ತ ಕೊನೇ ಸಾಲಲ್ಲಿದ್ದಾನೆ."

ಜನ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಪಾದ ಎಲ್ಲಿಡಬೇಕೋ ತಿಳಿಯದೆ ನಿಂತರು. ಕುಳ್ಳಿ ಒಂದು ಕುರ್ಚಿಯನ್ನು ತಟ್ಟಿ ನೋಡಿ, ಸತ್ತ ಪ್ರಾಣಿಯನ್ನು ಮುಟ್ಟಿದವಳ ಮುಖ ಮಾಡಿಕೊಂಡು, ಕೊನೆಯ ಸಾಲಿಗೆ ಹೋಗಿ ಗುಮಾಸ್ತನ ಪಕ್ಕ ಕೂತಳು. ಲಾಳಿಯಕ್ಕ ವೇದಿಕೆ ಹತ್ತಿದಳು. ಮೊನೆ ಊರಿದಳು. ಗುಮಾಸ್ತನಿಗೆ ಕಿವಿ ಇದೆ, ಕೇಳಿಸೇ ಕೇಳಿಸುತ್ತದೆ. ಮೊದಲು ಅದು ಮುಗಿಯಲಿ, ಬೆಂಚಿನ ಜಗಳ ಆಮೇಲೆ ಎಂದು ಅವಳ ಲೆಕ್ಕ.

ಕಮಾನು ಎತ್ತಿದಳು. ಎತ್ತಿದ್ದು ಹಾಗೇ ನಿಂತಿತು.

ಅದೇ ಲೆಕ್ಕ ಕಾರ್ಯದರ್ಶಿಯ ತಲೆಯಲ್ಲೂ ಓಡಿತ್ತು. ಅರವತ್ತು ಅಡಿಯ ಶೆಡ್ಡಿನಲ್ಲಿ ಕಿವಿ ಇದ್ದವನಿಗೆ ಎಮ್ಮೆಯ ದನಿ ಕೇಳದೆ ಇರುವುದು ಹೇಗೆ ಎಂದು ಆಗಷ್ಟೇ ಹೊಳೆದಿರಬೇಕು. ಅವರು ಮಧ್ಯದ ಗೋಡೆಯ ಹತ್ತಿರ, ಫ್ಯಾನಿನ ಸ್ವಿಚ್ಚುಗಳ ಪಕ್ಕ ನಿಂತು, ಕೊನೆಯ ಸಾಲಿನ ಗುಮಾಸ್ತನತ್ತ ಮುಖ ಮಾಡಿ, ಯಾರಿಗೂ ಕೇಳಬಾರದೆಂದು, ಒಂಚೂರೂ ದನಿ ಹೊರಡಿಸದೆ, ಬರೀ ತುಟಿ ಆಡಿಸಿ ಹೇಳಿದರು. ಗುಮಾಸ್ತನಿಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದರು.

ಮೂವತ್ತು ವರ್ಷ ಮಗ್ಗದ ಎಳೆಗಳ ಸಂದಿಯಿಂದ ತುಟಿ ಓದಿದ ನಲವತ್ತು ಜನರ ನಡುವೆ ನಿಂತು ಹೇಳಿದರು.

ಕಣ್ಣಂಚಿನಲ್ಲೇ ಅದನ್ನು ಓದಿ ಮುಗಿಸಿದ ನಲವತ್ತು ತಲೆಗಳು ಒಟ್ಟಿಗೆ ಅವರ ಕಡೆ ತಿರುಗಿದವು. ಇಡೀ ಸಭೆಯಲ್ಲಿ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟವನು ಗುಮಾಸ್ತ ಒಬ್ಬನೇ. "ಏನ್ಸಾರ್?" ಎಂದ.

"ನಾನು ಹೇಳ್ತೀನಿ ಕೇಳಪ್ಪಾ" ಎಂದಳು ಲಾಳಿಯಕ್ಕ ವೇದಿಕೆಯಿಂದ. ಅವಳ ದನಿಗೆ ಮೈಕು ಯಾವತ್ತೂ ಬೇಕಾಗಿರಲಿಲ್ಲ. "'ಕೇಳಿಸಿದ್ರೂ ಕೈ ಎತ್ತಬೇಡ.' ಹಾಗಂದ್ರು ನಿಮ್ಮ ಸಾಹೇಬ್ರು."

"ನಾನು ಮಾತೇ ಆಡ್ಲಿಲ್ಲ!" ಎಂದರು ಕಾರ್ಯದರ್ಶಿ.

"ಆಡ್ಲಿಲ್ಲ, ಹೇಳಿದ್ರಿ" ಎಂದಳು ನರ್ಸಮ್ಮ.

ಕುಳ್ಳಿ ಎದ್ದು ನಿಂತಳು. ನಿಂತರೂ ಕುರ್ಚಿಯ ಬೆನ್ನಿಗಿಂತ ಗೇಣುದ್ದ ಎತ್ತರ ಅಷ್ಟೆ. "ಪೂರ್ತಿ ಹೇಳೇ ಲಾಳಿ! 'ಮುದುಕಿ ಹಟ ಇವತ್ತಿಗೆ ಮುಗೀಲಿ' ಅಂತಾನೂ ಅಂದ. ಅದನ್ಯಾಕೆ ನುಂಗ್ತೀಯಾ?"

ಶೆಡ್ಡಿನ ಸೂರೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಕಿವಿ ಕೇಳದವರ ನಗು ಅಳತೆ ಇಲ್ಲದ ನಗು. ಕಾರ್ಯದರ್ಶಿಯ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾಯಿತು. ಲಾಳಿಯಕ್ಕ ನಗಲಿಲ್ಲ. ಎಮ್ಮೆಯನ್ನು ಕುರ್ಚಿಗೆ ಒರಗಿಸಿ ಕೆಳಗಿಳಿದು ಬಂದು ಅವರ ಎದುರು ನಿಂತಳು.

"ನೋಡಪ್ಪಾ, ನೀನು ಕೆಟ್ಟವನಲ್ಲ. ಆದ್ರೆ ನಮ್ಮನ್ನ ಏನಂತ ತಿಳ್ಕೊಂಡಿದ್ದೀಯಾ? ಕಿವಿ ಹೋಗಿದೆ, ಇವರಿಗೇನು ಗೊತ್ತಾಗುತ್ತೆ, ಜೋರಾಗಿ ಏನಾದ್ರೂ ಹಾಕಿದ್ರೆ ಆಯ್ತು ಅಂತ. ಜೋರು ಅನ್ನೋದನ್ನ ನಮಗೆ ತೋರಿಸ್ಬೇಡ. ನಮ್ಮ ಕಿವಿ ಹೋಗಿದ್ದೇ ಜೋರಿಂದ. ಜೀವಮಾನ ಪೂರ್ತಿ ಜೋರು ಕೇಳಿ ಬಂದವರು ನಾವು. ನಮಗೀಗ ಮೆಲ್ಲಗೆ ಬೇಕು."

"ನಾನು... ಸಮಿತಿ ಮುಂದೆ ಇಡ್ತೀನಿ" ಎಂದರು ಕಾರ್ಯದರ್ಶಿ.

"ಇಡು. ಓದುವಾಗ ನಮ್ಮ ಕಡೆ ಮುಖ ಮಾಡಿ ಓದು, ಸಾಕು."

ಅಷ್ಟು ಹೇಳಿ, ಹತ್ತಿರದಲ್ಲಿದ್ದ ಒಂದು ನೀಲಿ ಕುರ್ಚಿಯನ್ನು ಎತ್ತಿ ಬಾಗಿಲಿನಾಚೆ ಇಟ್ಟು ಬಂದಳು. ಎರಡನೆಯದನ್ನು ಎತ್ತಿದವಳು ಮಗಳು. ತಾಯಿಯ ಮುಖ ನೋಡಲಿಲ್ಲ, ಎತ್ತಿದಳು ಅಷ್ಟೆ. ಆಮೇಲೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಸಾಲು ನಿಂತು, ಗಿರಣಿಯಲ್ಲಿ ನೂಲಿನ ಬುಟ್ಟಿ ದಾಟಿಸುತ್ತಿದ್ದ ಹಾಗೆ, ಕೈಯಿಂದ ಕೈಗೆ ಕುರ್ಚಿಗಳು ಹೊರಗೆ ಹೋದವು, ತೊಲೆಗಳು ಒಳಗೆ ಬಂದವು. ಸೊಂಟ ಹಿಡಿದವರು, ಮಂಡಿ ಸವೆದವರು, ಒಂದೊಂದು ಬೆಂಚಿಗೆ ಆರಾರು ಜನ. "ಮೆಲ್ಲಗೆ ಕಣ್ರೇ, ಬೆಂಚು ಮುರಿದ್ರೆ ಮಾಡ್ತೀನಿ, ನಿಮ್ಮ ಮೂಳೆ ಮುರಿದ್ರೆ ನನ್ನ ಕೈಲಾಗಲ್ಲ" ಎಂದು ಮೈದುನ ನೆಲದ ಮೇಲೆ ಮಂಡಿಯೂರಿ ಸ್ಕ್ರೂ ಬಿಗಿಯುತ್ತ ಹೋದ. ಗುಮಾಸ್ತ ಸ್ವಲ್ಪ ಹೊತ್ತು ಸಾಹೇಬರನ್ನು ನೋಡಿದ, ಆಮೇಲೆ ಬಂದು ಕಪ್ಪು ಪೆಟ್ಟಿಗೆಯ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ನರ್ಸಮ್ಮ ಹಿಡಿದಳು.

ಹನ್ನೊಂದನೆಯ ಬೆಂಚು ಕೂರುವ ಹೊತ್ತಿಗೆ ಹನ್ನೆರಡು ಗಂಟೆ ದಾಟಿತ್ತು. ಕಾರ್ಯದರ್ಶಿ ಹೊರಗೆ ಹೋಗಿರಲಿಲ್ಲ. ಸ್ವಿಚ್ಚಿನ ಗೋಡೆಗೆ ಒರಗಿ, ಕೈಕಟ್ಟಿ ನಿಂತಿದ್ದರು. ಕೂರಿ ಎಂದು ಯಾರೂ ಹೇಳಲಿಲ್ಲ. ಕೂರಬೇಡಿ ಎಂದೂ ಹೇಳಲಿಲ್ಲ.

ಗುಮಾಸ್ತ ಮತ್ತೆ ಹೋಗಿ ಕೊನೆಯ ಬೆಂಚಿನಲ್ಲಿ, ಕುಳ್ಳಿಯ ಪಕ್ಕ ಕೂತ. ಮಾತು ಮಾತೇ ತಾನೆ. ಕುಳ್ಳಿ ಅವನ ಬೂಟು ನೋಡಿ ಕಣ್ಣಲ್ಲೇ ಗದರಿಸಿದಳು. ಅವನು ಬಿಚ್ಚಿದ.

ಲಾಳಿಯಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಕೂತಳು. ಬೆಂಚು ಹೊತ್ತ ಕೈ ಇನ್ನೂ ಬಿಸಿಯಾಗಿತ್ತು. ಎಮ್ಮೆಯ ಕೊರಳನ್ನು ಹೆಗಲಿಗೆ ಆನಿಸಿಕೊಂಡು, ಮೊನೆ ಊರಿ, 'ಹೊಟ್ಟೆಯಲ್ಲಿ ಕೂರೋದ'ನ್ನು ಶುರು ಮಾಡಿದಳು. ಗಿಟಾರು ಕೂಡಿಕೊಂಡಿತು. ನಾಲ್ಕು ಸಲ ಕಮಾನು ಹೋಗಿ ಬಂದಿರಬಹುದು. ಗುಮಾಸ್ತನ ಕೈ ತಾನಾಗಿ ಮೇಲೆದ್ದಿತು.

ಅದಕ್ಕಿಂತ ಮೊದಲೇ ಪಕ್ಕದಲ್ಲಿ ಇನ್ನೊಂದು ಕೈ ಎದ್ದಿತ್ತು. ಎದ್ದ ಕೈ ಸುಮ್ಮನಿರದೆ, ಮಗ್ಗ ನಿಲ್ಲಿಸು ಎಂದು ಶೆಡ್ಡಿನಲ್ಲಿ ಬೀಸುತ್ತಿದ್ದ ಹಾಗೆ ಜೋರಾಗಿ ಬೀಸಿತು.

"ಏಯ್ ಲಾಳಿ!" ಎಂದು ಕೂಗಿದಳು ಕುಳ್ಳಿ, ಎರಡು ಕಿವಿಯೂ ಪೂರ್ತಿ ಹೋದ ಕುಳ್ಳಿ, ಹನ್ನೊಂದನೆಯ ಬೆಂಚಿನಿಂದ. ಅವಳ ಬರಿಗಾಲು ತೊಲೆಯ ಮೇಲಿತ್ತು. "ನಿನ್ನ ದಪ್ಪ ತಂತಿ ಗಿಟಾರಿಗೆ ಹೊಂದ್ತಿಲ್ಲ ಕಣೇ! ಕಾಲಲ್ಲಿ ಗುಂಯ್ ಗುಂಯ್ ಅಂತ ತೊನೀತಿದೆ. ಇಳಿದುಹೋಗಿದೆ, ಏರಿಸು!"

ಲಾಳಿಯಕ್ಕ ನಿಲ್ಲಿಸಿದಳು. ತಂತಿಯನ್ನು ಮೀಟಿ, ದವಡೆಯನ್ನು ಎಮ್ಮೆಯ ಕೊರಳಿಗೆ ಒತ್ತಿ ನೋಡಿದಳು. ಇಳಿದಿತ್ತು. ಎರಡು ಗಂಟೆ ಕುರ್ಚಿಗೆ ಒರಗಿ ನಿಂತದ್ದಕ್ಕೆ ಕೂದಲೆಳೆಯಷ್ಟು ಸಡಿಲಾಗಿತ್ತು.

ಅವಳು ಗೋಡೆಗೆ ಒರಗಿದ್ದ ಕಾರ್ಯದರ್ಶಿಯ ಕಡೆ ಒಮ್ಮೆ, ಒಂದೇ ಒಂದು ಸಲ ನೋಡಿದಳು. ಆಮೇಲೆ ಬಿರಡೆ ತಿರುಗಿಸಿ ತಂತಿ ಏರಿಸಿಕೊಂಡು, ಹಾಡನ್ನು ಮೊದಲಿನಿಂದ ಶುರು ಮಾಡಿದಳು.